ದಕ್ಷಿಣಕ್ಕೆ ತಿರುಗುವ ಸೇತುವೆ

ಫೆಬ್ರವರಿ ೨೩, ೨೦೦೪, ಸೋಮವಾರ

ಮಗು ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು, ದಿನಾ ಬರೆದಿಡಿ ಎಂದು ಟಾಲಿವರ್ ಮೇಡಂ ಈ ನೋಟ್‌ಬುಕ್ ಕೊಟ್ಟು ಹೋಗಿದ್ದಾರೆ. ಮಕ್ಕಳ ರಕ್ಷಣೆಯ ಕಚೇರಿಯವರು ಅವರು. ಸರಿ, ಬರೆಯುತ್ತೇನೆ: ಮಲಗಲಿಲ್ಲ. ಏಳಲೂ ಇಲ್ಲ, ಮಲಗಿದರೆ ತಾನೇ ಏಳುವುದು. ಅವರಿಗೆ ಬೇರೆ ಹಾಳೆಯಲ್ಲಿ ನೀಟಾಗಿ ಬರೆದುಕೊಟ್ಟರಾಯಿತು. ಇದು ನನಗೇ ಇರಲಿ. ಬೈದುಕೊಳ್ಳುವುದಕ್ಕೂ ಮನುಷ್ಯನಿಗೆ ಒಂದು ಜಾಗ ಬೇಕು.

ನೊಯೆಮಿಗೆ ಆರು ತಿಂಗಳು, ನನಗೆ ಅರವತ್ತೇಳು ವರ್ಷ. ಈ ಲಿನ್‌ವುಡ್‌ನ ಮನೆಯಲ್ಲಿ ಇರುವುದು ನಾವಿಬ್ಬರೇ. ಅವಳು ನನ್ನ ಮಗಳ ಮಗಳು. ನವೆಂಬರಿನಲ್ಲಿ ನನ್ನ ಮಗಳು ಯೆಸೇನಿಯಾ ಅಂಗಡಿಯ ಮುಂದೆ ಕಾರು ನಿಲ್ಲಿಸಿಕೊಂಡು, ಇಂಜಿನ್ ಆರಿಸದೆ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿದ್ದಿದ್ದಳು. ನೋವಿನ ಗುಳಿಗೆ. ವೃದ್ಧಾಶ್ರಮದಲ್ಲಿ ರೋಗಿಗಳನ್ನು ಎತ್ತಿ ಎತ್ತಿ ಬೆನ್ನು ಹಿಡಿದುಕೊಂಡಿತು ಎಂದು ಶುರು ಮಾಡಿದ್ದು, ಆಮೇಲೆ ಬೆನ್ನು ನೋಯದಿದ್ದರೂ ಗುಳಿಗೆ ಬೇಕಾಯಿತು. ಹಿಂದಿನ ಸೀಟಿನಲ್ಲಿ ಮೂರು ತಿಂಗಳ ಮಗು ಎರಡು ಗಂಟೆ ಅತ್ತಿದೆ. ಕೊನೆಗೆ ಯಾರೋ ಗಾಜು ಒಡೆದು ಎತ್ತಿಕೊಂಡರು.

ಈಗ ಅವಳು ಸ್ಯಾನ್ ಪೀಡ್ರೊದಲ್ಲಿ, ಗುಳಿಗೆ ಬಿಡಿಸುವ ಆಶ್ರಮದಲ್ಲಿದ್ದಾಳೆ. ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೇನೆ. ಮೇ ೧೨ಕ್ಕೆ ಕೋರ್ಟು. ಮಗು ತಾಯಿಗೆ ಹೋಗಬೇಕೋ ನನ್ನ ಬಳಿಯೇ ಉಳಿಯಬೇಕೋ ಎಂದು ಅವತ್ತು ಜಡ್ಜ್ ಕೇಳುತ್ತಾರಂತೆ. ಕೇಳಲಿ. ಉತ್ತರ ತಯಾರಾಗಿದೆ.

ಫೆಬ್ರವರಿ ೨೫, ಬುಧವಾರ

ಈಸ್ಟರ್‌ಗೆ ಮುಂಚಿನ ಉಪವಾಸ ಇವತ್ತು ಶುರು, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚುತ್ತಾರೆ. ಪಕ್ಕದ ಮನೆಯ ದೋನ್ಯಾ ಚಾಯೊ ಅಲ್ಲಿಂದ ನೇರ ಇಲ್ಲಿಗೇ ಬಂದಳು, ಹಣೆಯ ಮೇಲಿನ ಬೂದಿ ಇನ್ನೂ ಹಸಿಯಾಗಿತ್ತು. ಮಗು ಕಿರುಚುತ್ತಿತ್ತು, ನಾನು ಬನಿಯನ್ನಿನಲ್ಲಿದ್ದೆ. ದೊಡ್ಡವರನ್ನು ದೋನ್, ದೋನ್ಯಾ ಎನ್ನುವುದು ನಮ್ಮವರ ರೂಢಿ; ಕಾಗದದಲ್ಲಿ ನಾನು ಬರಗಾನ್, ಈ ಬೀದಿಗೆ ದೋನ್ ಕುಕೊ.

"ದೋನ್ ಕುಕೊ, ಇದೇನ್ ಅವತಾರ? ಉಪವಾಸ ನಲವತ್ತು ದಿನ ಅಂತ ಕೇಳಿದ್ದೆ, ನೀವು ನಿದ್ದೇನೂ ಬಿಟ್ಬಿಟ್ಟಿರೋ ಹಾಗಿದೆ."

"ನಿಮಗೆ ಸಲೀಸು. ಇಲ್ಲೊಂದು ದಿನ ಇದ್ದು ನೋಡಿ."

"ನಾಲ್ಕು ಹೆತ್ತಿದೀನಿ ಕಣ್ರೀ. ನಾಲ್ಕೂ ಬೆಳೆದಿದ್ದು ಹೆದ್ದಾರಿ ಮೇಲೇನೆ. ಕಾರಲ್ಲಿ ಹಾಕ್ಕೊಂಡು ಒಂದು ಸುತ್ತು ಹೊಡ್ಕೊಂಡು ಬನ್ನಿ. ಸೆಂಟ್ರಿಂಗ್ ಕೆಲಸದವರು ನೀವು, ಅಷ್ಟೊಂದು ಸೇತುವೆ ಕಟ್ಟಿದೀರಲ್ಲ, ಯಾವಾಗ ಉಪಯೋಗಕ್ಕೆ ಬರೋದು?"

ಬ್ಯೂಕ್ ಕಾರು ತೆಗೆದೆ. ನಮ್ಮ ಬೀದಿ ದಾಟುವುದರೊಳಗೆ ಮಗುವಿನ ಕಣ್ಣು ಎಳೆಯಿತು. ಮೊದಲ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದೆ, ಚಿಟ್ಟನೆ ಚೀರಿತು. ಹಸಿರು ಬಂತು, ಮಲಗಿತು. ಮುಂದಿನ ಸಿಗ್ನಲ್, ಮತ್ತೆ ಚೀರಿತು. ಹೀಗೆ ಏಳು ಸಲ. ಕಾರು ನಿಂತರೆ ಈ ಮಗುವಿಗೆ ಆಗುವುದಿಲ್ಲ. ಯಾಕೆಂದು ನನಗೆ ಗೊತ್ತು.

ಬೇಸತ್ತು ನೂರೈದನೇ ಹೆದ್ದಾರಿ ಹತ್ತಿದೆ, ಪಶ್ಚಿಮಕ್ಕೆ. ಅಲ್ಲಿಂದ ಮೇಲ್ಸೇತುವೆ ಏರಿ ನೂರಹತ್ತಕ್ಕೆ, ಉತ್ತರಕ್ಕೆ. ಆ ಕೂಡುರಸ್ತೆಯಲ್ಲಿ ಸೇತುವೆಯ ಮೇಲೆ ಸೇತುವೆ, ಅದರ ಮೇಲೆ ಇನ್ನೊಂದು. ಯಾರೂ ಯಾರಿಗೂ ಅಡ್ಡ ಬರುವುದಿಲ್ಲ, ಯಾರೂ ನಿಲ್ಲುವುದಿಲ್ಲ. ಏರಿ ತುದಿ ಮುಟ್ಟುವ ಹೊತ್ತಿಗೆ ಮುಂದೆ ರಸ್ತೆಯೇ ಕಾಣಲಿಲ್ಲ, ಬರೀ ಆಕಾಶ. ವಿಮಾನವೊಂದು ಚಕ್ರ ಇಳಿಬಿಟ್ಟುಕೊಂಡು ನಮ್ಮ ಪಕ್ಕದಲ್ಲೇ ಹೊರಟಂತೆ ಮೆಲ್ಲಗೆ ತೇಲಿ ಹೋಯಿತು. ಕನ್ನಡಿಯಲ್ಲಿ ನೋಡಿದೆ. ನೊಯೆಮಿಯ ಬಾಯಿ ತೆರೆದುಕೊಂಡಿತ್ತು, ಕೈ ಸಡಿಲ ಬಿಟ್ಟಿತ್ತು.

ಐವತ್ತು ನಿಮಿಷ ಮಲಗಿದಳು. ಉಸಿರು ಬಿಡುವುದಕ್ಕೂ ಹೆದರಿಕೊಂಡು ಓಡಿಸಿದೆ.

ಫೆಬ್ರವರಿ ೨೮, ಶನಿವಾರ

ಶನಿವಾರ ಶನಿವಾರ ಟಾಲಿವರ್ ಮೇಡಂ ಮಗುವನ್ನು ಸ್ಯಾನ್ ಪೀಡ್ರೊಗೆ ತಾಯಿಯ ಹತ್ತಿರ ಕರೆದೊಯ್ದು ಎರಡು ಗಂಟೆ ಬಿಟ್ಟು ತರುತ್ತಾರೆ. ಇವತ್ತು ವಾಪಸು ಬಂದಾಗ ಅವರ ದನಿಯೇ ಬಿದ್ದುಹೋಗಿತ್ತು.

"ದಾರಿಯುದ್ದಕ್ಕೂ ಲಾಲಿ ಹಾಡಿದೆ ಬರಗಾನ್ ಅವರೇ. ಸಿಗ್ನಲ್ ಬಂದಾಗೆಲ್ಲ ಜೀವ ಹೋದ ಹಾಗೆ ಅಳ್ತಾಳೆ. ಹೆದ್ದಾರಿ ಅಂದ್ರೆ ನಂಗೆ ಭಯ, ಒಳರಸ್ತೇಲೇ ಹೋಗೋದು. ನೀವೇ ಕರ್ಕೊಂಡು ಹೋಗಬಾರದಾ? ನೂರಹತ್ತು ಹತ್ತಿ ದಕ್ಷಿಣಕ್ಕೆ ತಿರುಗಿದ್ರೆ ಸೀದಾ ಅಲ್ಲೇ ಇಳೀತೀರಿ."

"ನಾನು ದಕ್ಷಿಣಕ್ಕೆ ಹೋಗಲ್ಲ."

ಅವರು ಮಗುವನ್ನು ನನ್ನ ಕೈಗೆ ಕೊಟ್ಟರು. ಕೋರ್ಟಿಗೆ ಕೊಡುವ ನಮೂನೆಯೊಂದನ್ನು ಮೇಜಿನ ಮೇಲಿಟ್ಟು ಹೋದರು. 'ಮಗುವಿನ ಬಗ್ಗೆ ಸಂಬಂಧಿಕರ ಅಭಿಪ್ರಾಯ' ಎಂದು ಮೇಲೆ ಅಚ್ಚಾಗಿದೆ, ಕೆಳಗೆ ಹತ್ತು ಗೆರೆ ಖಾಲಿ. ನನಗೆ ಹತ್ತು ಗೆರೆ ಯಾಕೆ? ಪೆನ್ಸಿಲಿನಲ್ಲಿ ಬರೆದಿಟ್ಟೆ: 'ಮಗು ನನ್ನ ಬಳಿಯೇ ಇರಲಿ. ತಾಯಿಯನ್ನು ನಂಬುವುದಕ್ಕೆ ಆಗುವುದಿಲ್ಲ.' ಕೋರ್ಟಿನ ಹಿಂದಿನ ದಿನ ಪೆನ್ನಿನಲ್ಲಿ ತಿದ್ದಿದರಾಯಿತು.

ಮಾರ್ಚ್ ೪, ಗುರುವಾರ

ಈಗ ನನ್ನದೊಂದು ಪದ್ಧತಿಯಾಗಿದೆ. ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ. ನೂರೈದರಿಂದ ನೂರಹತ್ತು ಉತ್ತರ, ಅಲ್ಲಿಂದ ಹತ್ತು ಪೂರ್ವ, ಅಲ್ಲಿಂದ ಏಳುನೂರಹತ್ತು ಮನೆ ಕಡೆ, ಮತ್ತೆ ನೂರೈದು. ನಾಲ್ಕು ಹೆದ್ದಾರಿ, ನಾಲ್ಕು ತಿರುವು, ಒಂದೇ ಒಂದು ಸಿಗ್ನಲ್ ಇಲ್ಲ. ಮೂರು ಗಂಟೆಯೊಳಗೆ ಮನೆ ಸೇರಬೇಕು, ಆಮೇಲೆ ಊರಿಗೆ ಊರೇ ರಸ್ತೆಗಿಳಿದು ಎಲ್ಲ ನಿಂತುಬಿಡುತ್ತದೆ.

ಉಪಾಯ ಇರುವುದು ಬಲಗಾಲಿನಲ್ಲಿ. ತಿರುವಿಗೆ ಮುಂಚೆಯೇ ಕಾಲು ಹಗುರ ಮಾಡಬೇಕು, ಬ್ರೇಕ್ ಮುಟ್ಟಕೂಡದು. ಮಿಕ್ಕದ್ದನ್ನು ಸೇತುವೆಯೇ ನೋಡಿಕೊಳ್ಳುತ್ತದೆ. ತಿರುವಿನಲ್ಲಿ ರಸ್ತೆ ಒಳಮಗ್ಗುಲಿಗೆ ವಾಲಿರುತ್ತದಲ್ಲ, ಆ ವಾಲಿಕೆಗೆ ಹಲಗೆ ಹೊಡೆದವರಲ್ಲಿ ನಾನೂ ಒಬ್ಬ. ನಾಲ್ಕು ವರ್ಷ ಅಲ್ಲಿ ಕೆಲಸ ಮಾಡಿದೆ. ಕಾಂಕ್ರೀಟ್ ಸುರಿಯುವ ಮುಂಚೆ ಇಡೀ ಸೇತುವೆ ಮರದಲ್ಲಿರುತ್ತದೆ. ಅದನ್ನು ನೋಡಿದವರು ನಾವು ಮಾತ್ರ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಹಲಗೆ ಕಿತ್ತು ಲಾರಿಗೆ ತುಂಬುತ್ತಾರೆ, ನಮ್ಮ ಕೆಲಸದ ಗುರುತೇ ಉಳಿಯುವುದಿಲ್ಲ.

ಒಂದು ಕಡೆ ಮಾತ್ರ ಉಳಿದಿದೆ. ದಕ್ಷಿಣಕ್ಕೆ ತಿರುಗುವ ಸೇತುವೆಯ ತಳದ ಹಲಗೆಯಲ್ಲಿ ಯೆಸೇನಿಯಾಳ ಹೆಸರು ಕೊರೆದಿದ್ದೆ. ಆಗ ಅವಳಿಗೆ ಹದಿಮೂರು, ಬೇಸಿಗೆ ರಜೆಯಲ್ಲಿ ತಾಯಿಯ ಜೊತೆ ನನಗೆ ಬುತ್ತಿ ತರುತ್ತಿದ್ದಳು. ಹಲಗೆ ಕಿತ್ತಾಗ ನೋಡಿದರೆ ಅಕ್ಷರವೆಲ್ಲ ತಿರುಗುಮುರುಗು. ಅಚ್ಚಿನಲ್ಲಿ ಉಲ್ಟಾ ಕೊರೆದರೆ ತಾನೇ ಕಾಂಕ್ರೀಟಿನಲ್ಲಿ ನೆಟ್ಟಗೆ ಬರುವುದು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನು ಮಗಳ ಹೆಸರು ಬಂದಾಗ ಮರೆತಿದ್ದೆ. ಮೇಸ್ತ್ರಿ ವಾರವಿಡೀ ಆಡಿಕೊಂಡು ನಕ್ಕ. ಈಗ ಅದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ.

ಮಲಗಿದ್ದು ೧.೧೦. ಎದ್ದದ್ದು ೨.೦೫.

ಮಾರ್ಚ್ ೯, ಮಂಗಳವಾರ

ಬೆಳಿಗ್ಗೆ ಸಮುದ್ರದಿಂದ ಮಂಜು ಬಂದಿತ್ತು. ಮೇಲಿನ ಸೇತುವೆಗೆ ಕೆಳಗಿನ ಸೇತುವೆ ಕಾಣುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂದೇ ಮರೆತುಹೋಯಿತು, ಮರೆತದ್ದು ಹಿತವಾಗಿತ್ತು. ಎರಡು ಸುತ್ತು.

ಮಾರ್ಚ್ ೧೭, ಬುಧವಾರ

ಇವತ್ತು ಪೊಲೀಸಿನವನು ಹಿಡಿದ. ಹೆದ್ದಾರಿಯ ಎಡತುದಿಯ ಲೇನು ಇಬ್ಬರಿರುವ ಗಾಡಿಗಳಿಗೆ ಮೀಸಲು. ಹಿಂದೆ ನೊಯೆಮಿ ಇದ್ದಾಳಲ್ಲ ಎಂದು ನಾನು ರಾಜನಂತೆ ಅದರಲ್ಲೇ ಹೋಗುತ್ತೇನೆ. ಮೋಟರ್‌ಸೈಕಲ್ ಹಿಂದೆ ಬಿತ್ತು, ದೀಪ ಮಿನುಗಿಸಿತು. ವಿಧಿಯಿಲ್ಲದೆ ಪಕ್ಕಕ್ಕೆ ನಿಲ್ಲಿಸಿದೆ. ನಿಲ್ಲಿಸಿದೆನಲ್ಲ, ಅಲ್ಲಿಗೇ ಕೆಟ್ಟಿತು.

"ಇದು ಇಬ್ಬರಿರೋ ಗಾಡಿಗಳ ಲೇನು ಸಾರ್. ನೀವೊಬ್ರೇ ಇದೀರಿ."

"ಮೆಲ್ಲಗೆ ಮಾತಾಡಪ್ಪ. ಒಬ್ಬನೇ ಅಲ್ಲ."

ಅವನು ಬಗ್ಗಿ ಹಿಂದಿನ ಸೀಟು ನೋಡುವುದಕ್ಕೂ ನೊಯೆಮಿ ಕಣ್ಣು ಬಿಡುವುದಕ್ಕೂ ಸರಿಹೋಯಿತು. ಆಮೇಲಿನದ್ದನ್ನು ಬರೆಯಬೇಕಾಗಿಲ್ಲ. ಪೊಲೀಸಿನವನ ಮುಖವೇ ಬಿಳಿಚಿಕೊಂಡಿತು.

"ಅಯ್ಯೋ, ತಪ್ಪಾಯ್ತು ಸಾರ್. ನಮ್ಮನೇಲೂ ಅವಳಿ ಇದಾವೆ, ನಂಗೆ ಗೊತ್ತು ಈ ಕಷ್ಟ. ಹೊರಡಿ, ಹೊರಡಿ, ನಿಲ್ಲಬೇಡಿ. ಹಿಂದಿನ ಗಾಡಿ ನಾನು ತಡೀತೀನಿ."

ಪುಣ್ಯಾತ್ಮ, ನಿಜವಾಗಿಯೂ ರಸ್ತೆಗೆ ಅಡ್ಡ ನಿಂತು ನನಗೆ ದಾರಿ ಮಾಡಿಕೊಟ್ಟ. ಕಿರುಚಾಟದಲ್ಲಿ ತಲೆ ಕೆಟ್ಟುಹೋಗಿತ್ತು, ಕಣ್ಣಿಗೆ ಬಿದ್ದ ಮೊದಲ ಸೇತುವೆಯನ್ನೇ ಏರಿದೆ. ಬೋರ್ಡಿನಲ್ಲಿ ಸ್ಯಾನ್ ಪೀಡ್ರೊ ಎಂದು ಓದುವಷ್ಟರಲ್ಲಿ ಕಾರು ಅರ್ಧ ಮೇಲಿತ್ತು. ಅಲ್ಲಿಂದ ಹಿಂದಕ್ಕೆ ಬರುವಂತಿಲ್ಲ.

ಮಗು ಮಲಗಿತು. ಸ್ವಲ್ಪ ಮುಂದೆ ನಾನೂರೈದು ಬಂತು, ಅಲ್ಲಿ ತಿರುಗಿ ಮನೆ ಕಡೆ ಬರಬಹುದಿತ್ತು. ಪಕ್ಕದಲ್ಲಿ ಲಾರಿಯಿತ್ತು, ಲೇನು ಸಿಗಲಿಲ್ಲ. ಹಾಗಾಗಿ ನೇರ ಹೋದೆ. ಹೆದ್ದಾರಿ ಮುಗಿಯುವವರೆಗೂ ಹೋದೆ. ಬಂದರಿನ ಕ್ರೇನುಗಳು ಮಧ್ಯಾಹ್ನದ ಬಿಸಿಲಿನಲ್ಲಿ ನೀಲಿಯಾಗಿ ನಿಂತಿದ್ದವು. ಆಶ್ರಮದ ಬೀದಿ ಅಲ್ಲಿಂದ ಎರಡೇ ತಿರುವು ಎಂದು ವಿಳಾಸ ನೋಡಿ ಗೊತ್ತಿತ್ತು. ಹೋಗಲಿಲ್ಲ. ಸಮುದ್ರ ನೋಡಿಕೊಂಡು ಬಂದೆ, ಅಷ್ಟೆ.

ಮಾರ್ಚ್ ೧೮, ಗುರುವಾರ

ಇವತ್ತೂ ದಕ್ಷಿಣಕ್ಕೇ ಹೋದೆ. ಉತ್ತರದಲ್ಲಿ ರಸ್ತೆ ಕೆಲಸವಿದೆ ಎಂದು ರೇಡಿಯೊದಲ್ಲಿ ಹೇಳಿದರು.

ಮಾರ್ಚ್ ೨೩, ಮಂಗಳವಾರ

ರಸ್ತೆ ಕೆಲಸ ಇನ್ನೂ ಮುಗಿದಿರಲಾರದು. ದಕ್ಷಿಣ.

ಮಾರ್ಚ್ ೨೭, ಶನಿವಾರ

ಟಾಲಿವರ್ ಮೇಡಂಗೆ ಜ್ವರವಂತೆ. ಈ ವಾರ ಭೇಟಿ ಬೇಡ ಎಂದು ಹೇಳಿದ್ದರೆ ನನಗೇನೂ ನಷ್ಟವಿರಲಿಲ್ಲ. ಆದರೂ ಪಾಪ, ಮಗುವಿನ ಅಭ್ಯಾಸ ತಪ್ಪಬಾರದು. ನಾನೇ ಕರೆದೊಯ್ಯುತ್ತೇನೆ ಎಂದೆ. ನಿಜವಾಗಿಯೂ ನೀವೇನಾ ಎಂದು ಮೇಡಂ ಎರಡು ಸಲ ಕೇಳಿದರು. ಆಮೇಲೆ "ಆಶ್ರಮದವರಿಗೆ ಹೇಳ್ತೀನಿ, ಅವರೇ ಜೊತೇಲಿರ್ತಾರೆ" ಎಂದರು.

ಗೇಟಿನ ಹತ್ತಿರ ನಿಲ್ಲಿಸಿದೆ. ನಾನು ಇಳಿಯಲಿಲ್ಲ. ಯೆಸೇನಿಯಾ ಹೊರಗೆ ಬಂದವಳು ನನ್ನನ್ನು ನೋಡಿ ಅಲ್ಲೇ ನಿಂತಳು. ಮೈ ತುಂಬಿಕೊಂಡಿದ್ದಾಳೆ. ಕೂದಲನ್ನು ತಾಯಿಯ ಹಾಗೆ ಹಿಂದಕ್ಕೆ ಕಟ್ಟಿದ್ದಾಳೆ.

"ಚೆನ್ನಾಗಿದೀರಾ ಅಪ್ಪಾ?"

"ಮಗೂಗೆ ಹಾಲು ಹನ್ನೊಂದೂವರೆಗೆ. ಬಿಸಿ ನೋಡಿ ಕೊಡು."

ಅದು ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ. ಎರಡು ಗಂಟೆ ಕಾರಿನಲ್ಲೇ ಕೂತೆ, ಬೇಲಿಯ ಆಚೆ ಅವಳು ಮಗುವಿಗೆ ಏನೋ ಹಾಡುತ್ತಿದ್ದದ್ದು ಕೇಳಿಸುತ್ತಿತ್ತು.

ಏಪ್ರಿಲ್ ೧೦, ಶನಿವಾರ

ನಾಳೆ ಈಸ್ಟರ್. ಬೆಳಿಗ್ಗೆ ದೋನ್ಯಾ ಚಾಯೊ ಕಪಿರೊತಾದ ತಂದುಕೊಟ್ಟಳು, ಬೆಲ್ಲದ ಪಾಕದಲ್ಲಿ ಬ್ರೆಡ್ಡು ನೆನೆಸಿ ಮಾಡುವ ಸಿಹಿ. ಎರಡು ಡಬ್ಬಿ ತಂದಿದ್ದಳು.

"ಇದು ನಿಮಗೆ. ಇದು ನೀವು ಎಲ್ಲಿಗೆ ಹೋಗಲ್ವೋ ಅಲ್ಲಿಗೆ."

"ನಾನು ಮಗು ಮಲಗಲಿ ಅಂತ ಹೋಗೋದು."

"ಮತ್ಯಾಕೆ? ನಾನೇನಾದ್ರೂ ಅಂದ್ನಾ? ಹೊಸ ಶರ್ಟು ಹಾಕ್ಕೊಂಡಿರೋದೂ ಮಗು ಮಲಗಲಿ ಅಂತಾನೇ ತಾನೆ."

ಟಾಲಿವರ್ ಮೇಡಂಗೆ ಜ್ವರ ಬಿಟ್ಟು ವಾರದ ಮೇಲಾಯಿತು, ಆದರೂ ನಾನೇ ಹೋಗುತ್ತಿದ್ದೇನೆ. ಅವರಿಗೆ ಹೆದ್ದಾರಿ ಭಯವಲ್ಲವೇ.

ಇವತ್ತು ಬಿಸಿಲು ಜಾಸ್ತಿಯಿತ್ತು, ಕಾರಿನಲ್ಲಿ ಕೂರಲಾಗಲಿಲ್ಲ. ಒಳಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಆಶ್ರಮದ ಹೆಂಗಸೊಬ್ಬಳು ದೂರದಲ್ಲಿ ಗಿಡಗಳಿಗೆ ನೀರು ಹಾಕುತ್ತ ನಮ್ಮನ್ನು ನೋಡಿಕೊಂಡಿದ್ದಳು. ಯೆಸೇನಿಯಾ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಸಿಹಿ ತಿಂದಳು.  ಡಬ್ಬಿ ಖಾಲಿಯಾದ ಮೇಲೆ ಅವಳೇ ಮಾತು ಶುರು ಮಾಡಿದಳು.

"ಅವತ್ತು ಎರಡು ಗಂಟೆ ಅತ್ತಳಂತೆ ಅಪ್ಪಾ. ಪೊಲೀಸರು ಹೇಳಿದ್ದು. ನಂಗೆ ಒಂದು ಚೂರೂ ಕೇಳಿಸ್ಲಿಲ್ಲ."

ನಾನು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದೆ.

"ಇಲ್ಲಿ ಎಲ್ರೂ ಮರೀಬೇಕು, ಮುಂದೆ ನೋಡಬೇಕು ಅಂತಾರೆ. ನಾನು ದಿನಾ ಬೆಳಿಗ್ಗೆ ಕೂತು ಆ ಅಳು ಕೇಳಿಸ್ಕೊಳ್ಳೋಕೆ ನೋಡ್ತೀನಿ. ಕೇಳಿಸಲ್ಲ. ನಾನು ಅಲ್ಲಿರಲೇ ಇಲ್ವಲ್ಲ."

"ನಂಗೆ ಕೇಳಿಸುತ್ತೆ," ಎಂದೆ. "ಪ್ರತಿ ಸಿಗ್ನಲ್ಲಲ್ಲೂ ಕೇಳಿಸುತ್ತೆ. ಕಾರು ನಿಂತ್ರೆ ಸಾಕು, ಚೀರ್ತಾಳೆ."

ಚುಚ್ಚಬೇಕೆಂದೇ ಹೇಳಿದೆ. ಅವಳು ಅಳಲಿಲ್ಲ, ಎದ್ದೂ ಹೋಗಲಿಲ್ಲ. ಮಗುವಿನ ತಲೆ ಸವರುತ್ತ ಕೂತಿದ್ದಳು. ಆಮೇಲೆ "ಹಾಗಾದ್ರೆ ಹೇಗೆ ಮಲಗಿಸ್ತೀರಿ ಅಪ್ಪಾ? ನಂಗೂ ಹೇಳಿಕೊಡಿ" ಎಂದು ಕೇಳಿದಳು.

ಹೇಳಿದೆ. ಯಾವ ಸೇತುವೆ, ಯಾವ ಲೇನು, ಎಲ್ಲಿ ಕಾಲು ಹಗುರ ಮಾಡಬೇಕು, ಎಲ್ಲವನ್ನೂ ಮೆಟ್ಟಿಲ ಮೇಲಿನ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ದಕ್ಷಿಣದ ಸೇತುವೆ ಎಳೆಯುವಾಗ ಅವಳು ತಡೆದಳು.

"ನನ್ನ ಹೆಸರು ಇರೋದು ಇದರಲ್ಲೇ ಅಲ್ವಾ? ಉಲ್ಟಾ ಆಗಿದ್ದು?"

"ಎಲ್ಲರೂ ನಕ್ಕರು."

"ನಾನು ನಗಲಿಲ್ಲ. ಸೇತುವೆ ಒಳಗಡೆಯಿಂದ ಓದಿದ್ರೆ ಸರಿಯಾಗೇ ಕಾಣುತ್ತೆ ಬಿಡಿ ಅಂದಿದ್ದೆ. ನಿಮಗೆ ನೆನಪಿಲ್ಲ."

ನೆನಪಿತ್ತು. ಇಲ್ಲ ಎಂದೆ. ಮನೆಗೆ ಬರುವಾಗ ಆ ಸೇತುವೆಯ ಕೆಳಗೆ ಹಾಯ್ದು ಬಂದೆ, ಹತ್ತಾಳು ಎತ್ತರದಲ್ಲಿ ಅಕ್ಷರ ಇನ್ನೂ ಇದೆ. ಹೊಗೆ ಹಿಡಿದು ಕಪ್ಪಾಗಿದೆ. ಅಲ್ಲಿ ಸಿಗ್ನಲ್ ಕೆಂಪಾಗಿತ್ತು, ನಿಂತಿದ್ದೆ. ಮಗು ಅತ್ತಿತೋ ಇಲ್ಲವೋ ಈಗ ನೆನಪಾಗುತ್ತಿಲ್ಲ.

ಏಪ್ರಿಲ್ ೨೧, ಬುಧವಾರ

ಮಲಗಿದ್ದು ೧.೦೦, ಎದ್ದದ್ದು ೨.೨೦. ಶನಿವಾರಕ್ಕೆ ಇನ್ನೂ ಮೂರು ದಿನವಿದೆ.

ಮೇ ೨, ಭಾನುವಾರ

ನಮೂನೆ ತೆಗೆದು ನೋಡಿದೆ. ಪೆನ್ಸಿಲಿನಲ್ಲಿ ಬರೆದದ್ದು ಹಾಗೇ ಇದೆ. ಸುಳ್ಳೇನೂ ಅಲ್ಲ. ಎರಡನೇ ಸಾಲು ಸ್ವಲ್ಪ ಒರಟಾಯಿತು ಎನಿಸಿತು, ಅದೊಂದನ್ನು ಅಳಿಸಿದೆ. ಬೇರೆ ಬರೆಯೋಣವೆಂದು ಕೂತೆ, ಹೊಳೆಯಲಿಲ್ಲ.

ಅಳಿಸಿದ ಜಾಗ ಮಾಸಲಾಗಿ ಕಾಣುತ್ತಿದೆ. ಜಡ್ಜ್‌ಗೆ ಗೊತ್ತಾಗುತ್ತದೋ ಏನೋ.

ಮೇ ೧೧, ಮಂಗಳವಾರ

ನಾಳೆ ಕೋರ್ಟು. ಹೆದರಿಕೆಯಾಗುತ್ತಿದೆ, ಇಲ್ಲಿ ಬರೆದುಬಿಡುತ್ತೇನೆ. ಮಗುವನ್ನು ಕೊಡದಿದ್ದರೆ ಯೆಸೇನಿಯಾ ಮತ್ತೆ ಗುಳಿಗೆ ನುಂಗಿಯಾಳು. ಕೊಟ್ಟ ಮೇಲೂ ನುಂಗಿದರೆ? ಮಗುವನ್ನು ಈ ಸಲ ಗಾಜು ಒಡೆದು ಎತ್ತಿಕೊಳ್ಳುವವರು ಯಾರೂ ಇರದಿದ್ದರೆ? ಮೂವತ್ತು ವರ್ಷ ಸೆಂಟ್ರಿಂಗ್ ಹೊಡೆದೆ. ಹಲಗೆ ಬೇಗ ಕಿತ್ತರೆ ಸೇತುವೆ ಕುಸಿಯುತ್ತದೆ. ಯಾವತ್ತೂ ಕೀಳದಿದ್ದರೆ ಅದು ಸೇತುವೆಯೇ ಅಲ್ಲ. ಯಾವ ದಿನ ಕೀಳಬೇಕೆಂದು ಹೇಳಲು ಅಲ್ಲಿ ಇಂಜಿನಿಯರ್ ಇರುತ್ತಿದ್ದ.

ಅಂಪಾರೊ ಬದುಕಿದ್ದರೆ ಕೇಳಬಹುದಿತ್ತು. ನನ್ನ ಹೆಂಡತಿಗೆ ಇಂಥದ್ದೆಲ್ಲ ನೋಡಿದರೇ ತಿಳಿಯುತ್ತಿತ್ತು.

ನಮೂನೆಯನ್ನು ಪೆನ್ನಿನಲ್ಲಿ ತಿದ್ದಿಲ್ಲ. ಕೋಟಿನ ಜೇಬಿನಲ್ಲಿ ಮಡಿಚಿಟ್ಟಿದ್ದೇನೆ.

ಮೇ ೧೨, ಬುಧವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆಗೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಕೋರ್ಟಿನಲ್ಲಿದ್ದೆವು. ಯೆಸೇನಿಯಾಳನ್ನು ಆಶ್ರಮದವರು ಕರೆತಂದಿದ್ದರು. ಆರು ತಿಂಗಳಲ್ಲಿ ಒಂದು ಪರೀಕ್ಷೆಯಲ್ಲೂ ಗುಳಿಗೆಯ ಅಂಶ ಸಿಕ್ಕಿಲ್ಲವೆಂದು ಟಾಲಿವರ್ ಮೇಡಂ ಓದಿ ಹೇಳಿದರು. ಆಮೇಲೆ ಜಡ್ಜ್ ನನ್ನ ಕಡೆ ತಿರುಗಿದರು. ಬಿಳಿಕೂದಲಿನ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರಿರಬೇಕು.

"ಬರಗಾನ್ ಅವರೇ, ಮಗು ನಿಮ್ಮ ಹತ್ತಿರ ಇದೆ. ನೀವೇನ್ ಹೇಳ್ತೀರಿ?"

ಜೇಬಿಗೆ ಕೈ ಹಾಕಿದೆ. ಕಾಗದ ಸಿಕ್ಕಿತು, ಆದರೆ ಹೊರಗೆ ತೆಗೆಯಲಿಲ್ಲ.

"ಅಮ್ಮಾ, ಈ ಮಗು ನಿಂತ ಕಾರಲ್ಲಿ ಮಲಗಲ್ಲ," ಎಂದೆ. ಬಾಯಿಗೆ ಬಂದದ್ದೇ ಅದು. "ಅದನ್ನ ಮಲಗಿಸೋದು ಹೇಗೆ ಅಂತ ಇಬ್ಬರಿಗೇ ಗೊತ್ತು. ನಂಗೆ, ಇವಳಿಗೆ. ಇವಳು ನಮ್ಮನೇಗೇ ಬರಲಿ. ಕೋಣೆ ಖಾಲಿ ಇದೆ. ನಾನು ನೋಡ್ಕೊಂಡಿರ್ತೀನಿ."

"ಯಾರನ್ನ ನೋಡ್ಕೋತೀರಿ? ಮಗೂನಾ?"

"ಇಬ್ಬರನ್ನೂ."

ಜಡ್ಜ್ ಬರೆದುಕೊಂಡರು. ಮಗು ತಾಯಿಗೆ, ವಾಸ ನನ್ನ ಮನೆಯಲ್ಲಿ, ಟಾಲಿವರ್ ಮೇಡಂ ವಾರಕ್ಕೊಮ್ಮೆ ಬಂದು ನೋಡುವುದು, ಮತ್ತೆ ಆರು ತಿಂಗಳಿಗೆ ಹಾಜರಾಗುವುದು. ಹೊರಗೆ ಬಂದು ಯೆಸೇನಿಯಾ ಗೋಡೆಗೆ ಮುಖ ಮಾಡಿ ನಿಂತು ಅತ್ತಳು. ನಾನು ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ನಿಂತಿದ್ದೆ, ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಕಾಗದಪತ್ರವೆಲ್ಲ ಮುಗಿಯುವಾಗ ಹನ್ನೆರಡಾಗಿತ್ತು. ಕಾರಿನ ಹತ್ತಿರ ಅವಳು ಮಗುವನ್ನು ಹಿಂದೆ ಕೂರಿಸಿ ಪಟ್ಟಿ ಬಿಗಿದಳು, ಎರಡು ಸಲ ಎಳೆದು ನೋಡಿದಳು.

"ಅಪ್ಪಾ, ನಾನು ಓಡಿಸ್ಲಾ?"

ನನಗೆ ಬೆಳಿಗ್ಗೆಯಿಂದ ಮೊಣಕಾಲು ನೋಯುತ್ತಿತ್ತು. ಕೀ ಕೊಟ್ಟೆ. ಕೊಟ್ಟೆನೇ ಹೊರತು ಒಂದು ಕ್ಷಣವೂ ಕಣ್ಣು ತೆಗೆಯಬಾರದು, ಅವಳ ಕೈಯನ್ನೇ ನೋಡುತ್ತಿರಬೇಕು ಎಂದು ನಿರ್ಧರಿಸಿದ್ದೆ. ಏಳುನೂರಹತ್ತು ಹತ್ತಿದಳು. ನೊಯೆಮಿ ಹನ್ನೆರಡೂವರೆಗೆ ಮಲಗಿದಳು. ನೂರೈದರಲ್ಲಿ ನಮ್ಮ ಮನೆಯ ದಾರಿ ಬಂತು. ಅಲ್ಲಿ ಇಳಿದರೆ ಸಿಗ್ನಲ್. ಯೆಸೇನಿಯಾ ಇಳಿಯದೆ ಮುಂದೆ ಹೋದಳು.

"ತಿರುವಿಗೆ ಮುಂಚೆ ಕಾಲು..."

"ಹಗುರ ಮಾಡ್ಬೇಕು. ಗೊತ್ತಪ್ಪ."

ದಕ್ಷಿಣದ ಸೇತುವೆ ಏರಿದೆವು. ಇಷ್ಟು ವರ್ಷದಲ್ಲಿ ಅದರ ಮೇಲೆ ಪಕ್ಕದ ಸೀಟಿನಲ್ಲಿ ಕೂತು ಹೋದದ್ದು ಇದೇ ಮೊದಲು. ಓಡಿಸುವವನಿಗೆ ರಸ್ತೆ ಮಾತ್ರ ಕಾಣುತ್ತದೆ, ಪಕ್ಕದಲ್ಲಿ ಕೂತವನಿಗೆ ಎಲ್ಲ ಕಾಣುತ್ತದೆ. ಕೆಳಗೆ ಒಂದರ ಮೇಲೊಂದು ಸೇತುವೆಗಳು, ಕಾರುಗಳು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಬೇರೆ ಬೇರೆ ಕಡೆಗೆ ಹೋಗುತ್ತಿದ್ದವು. ಮನೆಗಳ ನಡುವೆ ಜಕರಂಡ ಮರಗಳು ಹೂಬಿಟ್ಟು ಊರಿಡೀ ಅಲ್ಲಲ್ಲಿ ನೇರಳೆ ಮೋಡದಂತಿತ್ತು. ವಿಮಾನವೊಂದು ಇಳಿಯುತ್ತಿತ್ತು. ಅದರ ಚಕ್ರಗಳನ್ನು ನೋಡುತ್ತಿದ್ದೆ.

ಕಣ್ಣು ಬಿಟ್ಟಾಗ ಗಾಜಿನ ಮೇಲೆ ನೇರಳೆ ಹೂ ಬಿದ್ದಿತ್ತು. ಅದು ನಮ್ಮ ಬೀದಿಯ ಮರದ್ದು. ಕಾರು ಮನೆಯ ಮುಂದೆ ನಿಂತಿತ್ತು, ಇಂಜಿನ್ ಸದ್ದಿಲ್ಲ. ತಟ್ಟನೆ ಎದ್ದು ಕೂತೆ. ತಿರುಗಿ ನೋಡಿದೆ.

ಯೆಸೇನಿಯಾ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಕನ್ನಡಿಯಲ್ಲಿ ಮಗುವನ್ನೇ ನೋಡುತ್ತ ಕೂತಿದ್ದಳು.

"ಎಷ್ಟೊತ್ತಾಯ್ತು?" ಎಂದೆ.

"ಶ್, ಮೆಲ್ಲಗೆ. ಮೂರು ಸುತ್ತು ಹೊಡೆದೆ ಅಪ್ಪಾ. ನೂರಹತ್ತು, ನಾನೂರೈದು, ಏಳುನೂರಹತ್ತು, ನೂರೈದು. ನೀವು ಗೊರಕೆ ಹೊಡೀತಿದ್ರಿ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಮೂರು ಗಂಟೆ ಆಗ್ತಾ ಬಂತಲ್ಲ, ಇನ್ನು ಎಲ್ಲ ನಿಂತ್ಬಿಡುತ್ತೆ ಅಂತ ಮನೆಗೆ ಬಂದೆ."

"ಇಂಜಿನ್ ಆರಿಸಿದಾಗ ಅಳಲಿಲ್ವಾ?"

"ಒಂದ್ಸಲ ಕಣ್ಬಿಟ್ಟು ನೋಡಿದಳು. ನಾನು ಇಲ್ಲೇ ಇದೀನಿ ಅಂದೆ. ಮತ್ತೆ ಮಲಗಿದಳು."

ನಾವಿಬ್ಬರೂ ಅಲುಗಾಡದೆ ಕೂತಿದ್ದೆವು. ದೋನ್ಯಾ ಚಾಯೊ ಕಿಟಕಿಯಿಂದ ಎರಡು ಸಲ ಇಣುಕಿದಳು, ಮೆಲ್ಲಗೆ ಪರದೆ ಎಳೆದುಕೊಂಡಳು.

ಟಾಲಿವರ್ ಮೇಡಂಗೆ ಕೊಡುವ ಹಾಳೆಗೆ: ಮಗು ಮಲಗಿದ್ದು ೧೨.೩೦. ಎದ್ದದ್ದು ೩.೨೦. ಕೊನೆಯ ಅರ್ಧ ಗಂಟೆ ನಿಂತ ಕಾರಿನಲ್ಲಿ.